ಮೊಣಕಾಲಿನ ‘ಹಿಲಾಲ್’ ಮತ್ತು ಮೃತರ ದಾನ

“ಉಸ್ತಾದ್, ಸತ್ತವರ ದೇಹದ ಒಂದು ತುಂಡನ್ನು ಮೊಣಕಾಲಿನೊಳಗೆ ಇಟ್ಟುಕೊಂಡು ಮಾಡುವ ನಮಾಝ್ ಸಿಂಧುವಾಗುತ್ತದೆಯೇ?”

ಒಂದೂವರೆ ವರ್ಷದ ಹಿಂದೆ ಮಗ್ರಿಬ್ ನಮಾಝ್‌ನ ಬಳಿಕ ನಮ್ಮ ಜಮಾಅತಿನ ಯುವಕನೊಬ್ಬ ಕೇಳಿದ ಪ್ರಶ್ನೆ ಇದು. ಹತ್ತೊಂಬತ್ತರ ಪ್ರಾಯದಲ್ಲಿ ಕಬಡ್ಡಿ ಆಡುವಾಗ ಅವನ ಬಲ ಮೊಣಕಾಲು ತಿರುಚಿಕೊಂಡಿತ್ತು. ಒಳಗೆ ಹರಿದಿದ್ದ ಮೃದ್ವಸ್ಥಿಯನ್ನು ಆಸ್ಪತ್ರೆಯಲ್ಲಿ ಬಹುತೇಕ ಪೂರ್ತಿ ತೆಗೆದುಹಾಕಿದರು. ನಾಲ್ಕೈದು ವರ್ಷ ಆರಾಮವಾಗಿದ್ದ. ಆಮೇಲೆ ನೋವು ಶುರುವಾಯಿತು. ಮೆಟ್ಟಿಲು ಇಳಿಯುವುದು ಕಷ್ಟ, ಅತ್ತಹಿಯ್ಯಾತ್‌ಗೆ ಕೂರುವುದು ಇನ್ನೂ ಕಷ್ಟ. ಮೂವತ್ತು ತುಂಬುವ ಮೊದಲೇ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ಸ್ಥಿತಿ ಬಂತು. ಮೃತ ದಾನಿಯೊಬ್ಬರ ಮೃದ್ವಸ್ಥಿಯನ್ನು ತಂದು ಜೋಡಿಸುವ ಶಸ್ತ್ರಚಿಕಿತ್ಸೆ ಇದೆ, ನಿನ್ನ ಪ್ರಾಯಕ್ಕೆ ಅದು ಹೊಂದಬಹುದು ಎಂದು ವೈದ್ಯರು ಹೇಳಿದ್ದರಂತೆ.

ನಾನು ಹೆಚ್ಚು ಯೋಚಿಸಲಿಲ್ಲ. “ಇದೇನು ಹೃದಯವೇ, ಕಿಡ್ನಿಯೇ? ಮೊಣಕಾಲು ತಾನೇ. ಪ್ರಾಣಕ್ಕೆ ಅಪಾಯ ಇಲ್ಲದಿರುವಾಗ ಮಯ್ಯಿತ್‌ನ ದೇಹಕ್ಕೆ ಕೈ ಹಚ್ಚುವುದು ಯಾಕೆ? ಕುರ್ಚಿಯಲ್ಲಿ ನಮಾಝ್ ಮಾಡು, ಅಲ್ಲಾಹನು ಸ್ವೀಕರಿಸುತ್ತಾನೆ” ಎಂದೆ. ಅವನು ತಲೆಯಾಡಿಸಿ ಹೋದ.

ಕುರ್ಚಿಯ ಬಗ್ಗೆ ಹೇಳಿದ್ದು ಸರಿ. ಉಳಿದದ್ದು ಕಿತಾಬ್ ತೆರೆಯದೆ ಆಡಿದ ಮಾತು. ಈಚೆಗೆ ಅವನ ತಾಯಿ ನಮ್ಮ ಮನೆಗೆ ಬಂದಾಗ, ಮಗ ಆಟೋ ಓಡಿಸುವುದನ್ನೂ ಕಡಿಮೆ ಮಾಡಿದ್ದಾನೆ, ಉಸ್ತಾದರು ಬೇಡವೆಂದ ಮೇಲೆ ಮತ್ತೆ ವೈದ್ಯರ ಹತ್ತಿರ ಹೋಗಿಲ್ಲ ಎಂದರು. ದೂರು ಹೇಳಲು ಬಂದವರಲ್ಲ, ದುಆ ಮಾಡಿ ಎಂದು ಕೇಳಲು ಬಂದವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮದ್ರಸಾದಲ್ಲಿ ಕಲಿತು ಬಿಎ ಮಾಡಿದ ನನಗೆ ಮೂಳೆಶಾಸ್ತ್ರ ಗೊತ್ತಿಲ್ಲ. ಆದ್ದರಿಂದ ಮೂಳೆ ತಜ್ಞರೊಬ್ಬರ ಮುಂದೆ ಎರಡು ಸಂಜೆ ಕುಳಿತೆ, ನನ್ನ ಉಸ್ತಾದರಾಗಿದ್ದ ಮುಫ್ತಿಯವರ ಬಳಿ ಹೋದೆ, ಕಿತಾಬ್‌ಗಳನ್ನು ತೆರೆದೆ. ಕಳೆದ ತಿಂಗಳ ಜುಮಾದಲ್ಲಿ ಹತ್ತು ನಿಮಿಷದಲ್ಲಿ ಹೇಳಿದ್ದನ್ನು ಹಲವರು ಬರೆದು ಕೊಡಿ ಎಂದರು. ಅದಕ್ಕೇ ಈ ಲೇಖನ.

ಮೊದಲು ಆ ಮೃದ್ವಸ್ಥಿ ಏನೆಂದು ತಿಳಿಯೋಣ. ತೊಡೆಯ ಮೂಳೆಯ ತುದಿ ದುಂಡಗಿದೆ. ಅದನ್ನು ಹೊರುವ ಕೆಳಗಾಲಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. ದುಂಡಗಿನದ್ದನ್ನು ಚಪ್ಪಟೆಯ ಮೇಲೆ ಇಟ್ಟರೆ ಎಲ್ಲ ಭಾರವೂ ಒಂದು ಚಿಕ್ಕ ಬಿಂದುವಿನ ಮೇಲೆ ಬೀಳುತ್ತದೆ. ಬಿಂದಿಗೆ ಅಲುಗಾಡದಂತೆ ನಮ್ಮ ಮನೆಗಳಲ್ಲಿ ಕೆಳಗೆ ಸಿಂಬಿ ಇಡುತ್ತಾರಲ್ಲ, ಹಾಗೆಯೇ ಈ ಎರಡು ಮೂಳೆಗಳ ನಡುವೆ ಎರಡು ಸಿಂಬಿಗಳಿವೆ. ಒಂದು ಒಳಬದಿಯಲ್ಲಿ, ಇನ್ನೊಂದು ಹೊರಬದಿಯಲ್ಲಿ. ಅಂಚು ದಪ್ಪ, ಮಧ್ಯಕ್ಕೆ ಬಂದಂತೆ ತೆಳು. ವೈದ್ಯರು ಇದಕ್ಕೆ ಮೆನಿಸ್ಕಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಚಿಕ್ಕ ಚಂದ್ರ ಎಂದು ಅದರ ಅರ್ಥ. ಅರಬ್ ವೈದ್ಯರು ಗುಝ್‌ರೂಫ್ ಹಿಲಾಲೀ, ಅಂದರೆ ಹಿಲಾಲ್ ಆಕಾರದ ಮೃದ್ವಸ್ಥಿ ಎನ್ನುತ್ತಾರೆ. ರಮಝಾನ್ ಮತ್ತು ಈದ್‌ಗೆ ನಾವು ಆಕಾಶದಲ್ಲಿ ಹುಡುಕುವ ಅದೇ ಬಾಗಿದ ಗೆರೆ. ಪ್ರತಿ ಮೊಣಕಾಲಿನಲ್ಲೂ ಅಂಥ ಎರಡನ್ನು ಅಲ್ಲಾಹನು ಇಟ್ಟಿದ್ದಾನೆ.

ನಿಂತಿರುವಾಗ ಮೊಣಕಾಲಿನ ಮೇಲೆ ಬೀಳುವ ಭಾರದ ಸುಮಾರು ಅರ್ಧವನ್ನು ಈ ಸಿಂಬಿಗಳು ಹೊರುತ್ತವೆ. ಮೊಣಕಾಲನ್ನು 90 ಡಿಗ್ರಿ ಮಡಚಿದಾಗ ಅವುಗಳ ಪಾಲು ಸುಮಾರು 85 ಶೇಕಡಕ್ಕೆ ಏರುತ್ತದೆ. ನಾವು ಸುಜೂದ್‌ಗೆ ಇಳಿಯುವಾಗ, ಎರಡು ಸುಜೂದ್‌ಗಳ ನಡುವೆ ಕೂರುವಾಗ ಮೊಣಕಾಲು ಅದಕ್ಕಿಂತಲೂ ಹೆಚ್ಚು ಮಡಚುತ್ತದೆ. ಆಗ ಸಿಂಬಿಯ ಹಿಂದಿನ ತುದಿ ಮೂಳೆಗಳ ನಡುವೆ ಬಿಗಿಯಾಗಿ ಒತ್ತಲ್ಪಡುತ್ತದೆ. ಅಲ್ಲಿ ಹರಿದವರಿಗೆ ಮೊದಲು ಕಷ್ಟವಾಗುವುದು ನಮಾಝ್‌ನಲ್ಲೇ ಎಂಬುದನ್ನು ನಾನು ಸಫ್‌ನ ಮುಂದೆ ನಿಂತು ಎಷ್ಟೋ ಬಾರಿ ನೋಡಿದ್ದೇನೆ. ಕಾರಣ ತಿಳಿದದ್ದು ಈಗ.

ಹರಿದರೆ ತಾನಾಗಿ ಕೂಡಿಕೊಳ್ಳುವುದಿಲ್ಲವೇ? ಹೊರ ಅಂಚಿನಲ್ಲಿ ಹರಿದರೆ ಕೂಡಿಕೊಳ್ಳಬಹುದು, ಹೊಲಿಗೆಯೂ ನಿಲ್ಲಬಹುದು. ರಕ್ತನಾಳಗಳಿರುವುದು ಅಲ್ಲಿ ಮಾತ್ರ. ಒಳಭಾಗಕ್ಕೆ ರಕ್ತ ಹರಿಯುವುದೇ ಇಲ್ಲ, ಕೀಲಿನ ದ್ರವದಿಂದಲೇ ಅದು ಬದುಕುತ್ತದೆ. ರಕ್ತವಿಲ್ಲದಲ್ಲಿ ಗಾಯ ಮಾಯುವುದು ಕಷ್ಟ.

ಇನ್ನೊಂದು ವಿಷಯ ಓದಿ ಆಶ್ಚರ್ಯವಾಯಿತು. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಹೆಸರಾಂತ ಶಸ್ತ್ರವೈದ್ಯ ಬ್ಲಾಂಡ್ ಸಟ್ಟನ್ ಈ ಮೃದ್ವಸ್ಥಿಯನ್ನು ಕೆಲಸವಿಲ್ಲದ, ಕಾಲಿನ ಯಾವುದೋ ಹಳೆಯ ಸ್ನಾಯುವಿನ ಉಳಿಕೆ ಎಂದು ಭಾವಿಸಿದ್ದರು. ಎಡಿನ್‌ಬರೋದ ಥಾಮಸ್ ಅನ್ನಂಡೇಲ್ 1883ರಲ್ಲೇ ಹರಿದ ಮೆನಿಸ್ಕಸ್ಸನ್ನು ಹೊಲಿದು ಉಳಿಸಿದ್ದರೂ ಆ ದಾರಿಯನ್ನು ಹೆಚ್ಚಿನವರು ಹಿಡಿಯಲಿಲ್ಲ. ಹರಿದರೆ ಕಿತ್ತುಹಾಕುವುದೇ ದಶಕಗಳ ಕಾಲ ಪದ್ಧತಿಯಾಯಿತು. 1948ರಲ್ಲಿ ಫೇರ್‌ಬ್ಯಾಂಕ್ ಎಂಬ ವೈದ್ಯರು ಮೆನಿಸ್ಕಸ್ ತೆಗೆಸಿಕೊಂಡವರ ಎಕ್ಸ್-ರೇಗಳನ್ನು ನೋಡಿ, ಕೀಲಿನ ಸಂದು ಕಿರಿದಾಗಿರುವುದನ್ನೂ ಮೂಳೆಯ ಅಂಚು ಬದಲಾಗಿರುವುದನ್ನೂ ವರದಿ ಮಾಡಿದರು. ಸಿಂಬಿ ತೆಗೆದ ಮೇಲೆ ಭಾರವೆಲ್ಲ ಕಡಿಮೆ ಜಾಗದ ಮೇಲೆ ಬೀಳುತ್ತದೆ. ಅಲ್ಲಿನ ಒತ್ತಡ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಮೂಳೆಯ ತುದಿಯ ನುಣುಪಾದ ಹೊದಿಕೆ ಸವೆಯುತ್ತದೆ. ಅಲ್ಲಾಹನ ಸೃಷ್ಟಿಯಲ್ಲಿ ವ್ಯರ್ಥವಾದದ್ದು ಇಲ್ಲ ಎಂದು ಮಿಂಬರ್‌ನಲ್ಲಿ ಹೇಳುತ್ತಲೇ ಇರುತ್ತೇವೆ. ಇಲ್ಲಿ ವೈದ್ಯರೇ ಅರವತ್ತು ವರ್ಷ ತಡವಾಗಿ ಆ ಮಾತಿಗೆ ಬಂದರು. (ನಾನೂ ಒಂದೂವರೆ ವರ್ಷ ತಡವಾಗಿಯೇ ಬಂದೆ, ಆದ್ದರಿಂದ ಅವರನ್ನು ಬಯ್ಯುವಂತಿಲ್ಲ.)

ಹಾಗಾದರೆ ಪೂರ್ತಿ ಕಳೆದುಕೊಂಡವರಿಗೆ ಏನು ದಾರಿ? ಜರ್ಮನಿಯ ಮ್ಯೂನಿಕ್‌ನಲ್ಲಿ 1984ರಲ್ಲಿ ಮಿಲಾಖೋವ್ಸ್ಕಿ ಮತ್ತು ವಿರ್ತ್ ಎಂಬ ವೈದ್ಯರು ಮೃತ ದಾನಿಯಿಂದ ಪಡೆದ ಮೆನಿಸ್ಕಸ್ಸನ್ನು ರೋಗಿಗೆ ಜೋಡಿಸಿದರು. ಇಂದಿನ ವಿಧಾನ ಅಲ್ಲಿಂದ ಬೆಳೆದದ್ದು. ಮೊಣಕಾಲಿನೊಳಗೆ ಕೊಳವೆ ತೂರಿಸಿ ನೋಡುವ ಕಲೆ ಅದಕ್ಕೂ ಹಳೆಯದು. ಟೋಕಿಯೋದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಉಪಕರಣದಿಂದ ಒಂದು ಮೃತದೇಹದ ಮೊಣಕಾಲನ್ನು ನೋಡಿದ್ದರು. ಅವರ ಹಾದಿಯಲ್ಲೇ ನಡೆದ ಮಸಾಕಿ ವತನಬೆ 1962ರಲ್ಲಿ ಅದೇ ರೀತಿಯ ಕೊಳವೆಯ ಮೂಲಕ ಹರಿದ ಮೆನಿಸ್ಕಸ್‌ನ ತುಂಡನ್ನಷ್ಟೇ ತೆಗೆದರು. ಈಗ ಕಸಿಯ ಕೆಲಸವೂ ಬಹುಪಾಲು ಹೀಗೆ ಸಣ್ಣ ರಂಧ್ರಗಳ ಮೂಲಕವೇ ನಡೆಯುತ್ತದೆ.

ಕಸಿಯ ಕ್ರಮ ಹೀಗೆ. ದಾನಿ ಮೃತರಾದ ಬಳಿಕ, ಕುಟುಂಬದ ಒಪ್ಪಿಗೆ ಪಡೆದು, ಶುದ್ಧ ವಾತಾವರಣದಲ್ಲಿ ಅಂಗಾಂಶವನ್ನು ತೆಗೆಯುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಮುಂತಾದವುಗಳ ಪರೀಕ್ಷೆ ಆಗುತ್ತದೆ. ಬಳಿಕ ಅಂಗಾಂಶ ಬ್ಯಾಂಕಿನಲ್ಲಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗೆ ಇಡುತ್ತಾರೆ. ಒಣಗಿಸಿ ಇಡುವ ವಿಧಾನವೂ ಮೊದಲಿತ್ತು, ಆದರೆ ಹಾಗೆ ಇಟ್ಟದ್ದು ಕುಗ್ಗುತ್ತದೆ ಎಂದು ಬಿಟ್ಟರು. ರೋಗಿಯ ಮೊಣಕಾಲಿನ ಎಕ್ಸ್-ರೇಯಿಂದ ಅಗಲ ಉದ್ದಗಳನ್ನು ಲೆಕ್ಕಹಾಕಿ ಅದಕ್ಕೆ ಹೊಂದುವ ಅಳತೆಯದ್ದನ್ನೇ ಹುಡುಕಬೇಕು. ಚಪ್ಪಲಿಯಂತೆ, ದೊಡ್ಡದಾದರೂ ಕಷ್ಟ, ಚಿಕ್ಕದಾದರೂ ಕಷ್ಟ. ಎಡಗಾಲಿನದ್ದು ಬಲಗಾಲಿಗೆ ಆಗದು, ಒಳಬದಿಯದ್ದು ಹೊರಬದಿಗೆ ಆಗದು. ಸಿಂಬಿಯ ಎರಡು ತುದಿಗಳನ್ನು ಸಣ್ಣ ಮೂಳೆತುಂಡುಗಳ ಸಮೇತ ಅಥವಾ ದಾರದಿಂದ ಕೆಳಗಾಲಿನ ಮೂಳೆಗೆ ಬಿಗಿದು, ಅಂಚನ್ನು ಸುತ್ತಲೂ ಹೊಲಿಯುತ್ತಾರೆ.

ಕಿಡ್ನಿ ಕಸಿಯಾದವರು ಜೀವನಪೂರ್ತಿ ದೇಹದ ಪ್ರತಿರೋಧ ತಗ್ಗಿಸುವ ಮಾತ್ರೆ ನುಂಗಬೇಕು. ಇಲ್ಲಿ ಅದು ಬೇಕಿಲ್ಲ. ಈ ಅಂಗಾಂಶದಲ್ಲಿ ಜೀವಕೋಶಗಳು ತೀರಾ ಕಡಿಮೆ, ಹೆಚ್ಚಿನದ್ದು ಕೊಲಾಜನ್ ನಾರು ಮತ್ತು ನೀರು. ಇನ್ನೂ ವಿಶೇಷವೆಂದರೆ, ಕಾಲ ಕಳೆದಂತೆ ಪಡೆದವನ ಸ್ವಂತ ಜೀವಕೋಶಗಳೇ ಬಂದು ಆ ನಾರುಗಳ ನಡುವೆ ನೆಲೆಸುತ್ತವೆ. ಬೇರೆಯವರು ಕಟ್ಟಿದ ಮನೆಗೆ ನಾವು ವಾಸಕ್ಕೆ ಹೋದ ಹಾಗೆ.

ಇದೊಂದು ಪವಾಡ ಎಂದು ಯಾರೂ ತಿಳಿಯಬಾರದು. ಜುಮಾದ ಬಳಿಕ ನಮ್ಮ ಹಿರಿಯರೊಬ್ಬರು, ಎಪ್ಪತ್ತರ ಪ್ರಾಯದವರು, ನನಗೂ ಆಗಬಹುದೇ ಎಂದು ಕೇಳಿದರು. ಆಗದು. ಮೂಳೆಯ ಹೊದಿಕೆಯೇ ಸವೆದು ಸಂಧಿವಾತ ಬಂದ ಮೊಣಕಾಲಿಗೆ ಹೊಸ ಸಿಂಬಿ ಇಟ್ಟು ಪ್ರಯೋಜನವಿಲ್ಲ. ಅವರಿಗೆ ವ್ಯಾಯಾಮ, ತೂಕ ಇಳಿಸುವುದು, ಕೊನೆಗೆ ಕೃತಕ ಕೀಲು ಎಂಬ ಬೇರೆ ದಾರಿಗಳಿವೆ. ಇದು ಸಾಮಾನ್ಯವಾಗಿ 50ರ ಒಳಗಿನವರಿಗೆ, ಮೆನಿಸ್ಕಸ್ ಕಳೆದುಕೊಂಡು ನೋವು ಪಡುತ್ತಿರುವ, ಮೂಳೆಯ ಹೊದಿಕೆ ಇನ್ನೂ ಚೆನ್ನಾಗಿರುವ, ಕಾಲು ಡೊಂಕಾಗಿರದ, ಕೀಲಿನ ಕಟ್ಟುಗಳು ಗಟ್ಟಿಯಿರುವವರಿಗೆ. ಕಾಲು ಡೊಂಕಿದ್ದರೆ, ಕಟ್ಟು ಹರಿದಿದ್ದರೆ ಅದನ್ನೂ ಸರಿಪಡಿಸಬೇಕು. ಈ ಪಟ್ಟಿಯಲ್ಲಿ ನನ್ನನ್ನು ಚುಚ್ಚಿದ್ದು ಒಂದೇ ವಿಷಯ: ಹೊದಿಕೆ ಸವೆಯುವ ಮೊದಲು ಮಾಡಬೇಕು. ಸಿಂಬಿ ಇಲ್ಲದ ಮೊಣಕಾಲಿನಲ್ಲಿ ಅದು ಸವೆಯುತ್ತಲೇ ಇರುತ್ತದೆ. ಅಂದರೆ ಒಬ್ಬ ಯುವಕನಿಗೆ “ಬೇಡ” ಎಂದು ಹೇಳಿ ಕಳುಹಿಸಿದ ದಿನದಿಂದ ಬಾಗಿಲು ನಿಧಾನವಾಗಿ ಮುಚ್ಚುತ್ತಾ ಬಂದಿದೆ.

ಫಲಿತಾಂಶ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರ ಪ್ರಕಾರ ಕಸಿ ಮಾಡಿದ ಮೆನಿಸ್ಕಸ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು 10 ವರ್ಷದ ಬಳಿಕವೂ ಉಳಿದಿರುತ್ತವೆ. 15 ವರ್ಷಕ್ಕೆ ಅದು ಐದರಲ್ಲಿ ಮೂರಕ್ಕೆ ಇಳಿಯುತ್ತದೆ. ನಡುವೆ ಅದು ಹರಿಯಬಹುದು, ಕುಗ್ಗಬಹುದು, ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮೊದಲ ನಾಲ್ಕರಿಂದ ಆರು ವಾರ ಊರುಗೋಲು, ಮೊಣಕಾಲನ್ನು 90 ಡಿಗ್ರಿಗಿಂತ ಹೆಚ್ಚು ಮಡಚುವಂತಿಲ್ಲ. ಕುಕ್ಕರಗಾಲಿನಲ್ಲಿ ಕೂರುವುದು ಹಲವು ತಿಂಗಳು ಬೇಡ. ಆಮೇಲೂ ಆದಷ್ಟು ತಪ್ಪಿಸಿ ಎನ್ನುವ ವೈದ್ಯರಿದ್ದಾರೆ. ಆದ್ದರಿಂದ “ಆಪರೇಷನ್ ಆದರೆ ಸುಜೂದ್ ಮಾಡಬಹುದು” ಎಂಬ ಭರವಸೆಯಿಂದ ಯಾರೂ ಹೋಗಬಾರದು. ಅದರ ಉದ್ದೇಶ ನೋವು ಕಡಿಮೆ ಮಾಡಿ ನಡೆಯಲು, ದುಡಿಯಲು ಶಕ್ತನನ್ನಾಗಿಸುವುದು.

ಮನುಷ್ಯ ದಾನವಲ್ಲದ ದಾರಿಗಳೂ ಇವೆ. ಹಸುವಿನ ಸ್ನಾಯುರಜ್ಜುವಿನ ಕೊಲಾಜನ್‌ನಿಂದ ಮಾಡಿದ, ಪಾಲಿಯುರೆಥೇನ್‌ನಿಂದ ಮಾಡಿದ ಸ್ಪಂಜಿನಂಥ ತುಂಡುಗಳು ಬಂದಿವೆ. ಆದರೆ ಅವು ಹೊರ ಅಂಚು ಉಳಿದಿರುವವರ ಖಾಲಿ ಜಾಗ ತುಂಬಲು ಮಾತ್ರ. ಪೂರ್ತಿ ಹೋದವರಿಗೆ ಅವು ಸಾಲವು.

ಇನ್ನು ಶರೀಅತ್‌ನ ವಿಷಯ. ನಾನು ಮುಫ್ತಿಯಲ್ಲ. ಉಲಮಾಗಳು ಹೇಳಿರುವುದನ್ನು ಎದುರಿಗಿಡುತ್ತೇನೆ, ನನಗೆ ಮನವರಿಕೆಯಾದದ್ದನ್ನೂ ಹೇಳುತ್ತೇನೆ.

ವಿರೋಧಿಸುವವರ ಮಾತನ್ನು ಮೊದಲು ಕೇಳಬೇಕು, ಯಾಕೆಂದರೆ ಅದು ಹಗುರವಾದ ಮಾತಲ್ಲ. ಮೃತರ ಮೂಳೆ ಮುರಿಯುವುದು ಜೀವಂತ ಇರುವವರ ಮೂಳೆ ಮುರಿದಂತೆ ಎಂಬ ಅರ್ಥದ ಹದೀಸನ್ನು ಆಯಿಶಾ(ರ)ರಿಂದ ಅಬೂದಾವೂದ್ ವರದಿ ಮಾಡಿದ್ದಾರೆ. ಮಯ್ಯಿತ್‌ಗೆ ಗುಸ್ಲ್ ಮಾಡಿಸುವಾಗ ಬೆಚ್ಚಗಿನ ನೀರು ಮೆಲ್ಲಗೆ ಸುರಿಯಿರಿ ಎಂದು ನಾವು ಹೇಳುವುದು ಈ ಗೌರವದಿಂದಲೇ. ಮನುಷ್ಯನ ದೇಹಭಾಗವನ್ನು ಬಳಸಬಾರದು ಎಂದು ಹನಫಿ ಫುಕಹಾಗಳು ಹೇಳಿದ್ದು ಅದು ನಜಸ್ ಎಂಬ ಕಾರಣಕ್ಕಲ್ಲ, ಮನುಷ್ಯನಿಗೆ ಅಲ್ಲಾಹನು ಕೊಟ್ಟ ಗೌರವದ ಕಾರಣಕ್ಕೆ. ದೇಹ ನಮ್ಮ ಸೊತ್ತಲ್ಲ, ಅಮಾನತ್. ಅಮಾನತನ್ನು ದಾನ ಮಾಡುವ ಹಕ್ಕು ಎಲ್ಲಿಂದ ಬಂತು ಎಂಬುದು ಅವರ ಇನ್ನೊಂದು ಪ್ರಶ್ನೆ. ಪಾಕಿಸ್ತಾನದ ಮುಫ್ತಿ ಮುಹಮ್ಮದ್ ಶಫೀಅ್ ಅವರು ಅಂಗಾಂಗ ಕಸಿಯನ್ನು ವಿರೋಧಿಸಿ ಪ್ರತ್ಯೇಕ ಪುಸ್ತಕವನ್ನೇ ಬರೆದರು. ಭಾರತದ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 1989ರಲ್ಲಿ ಈ ವಿಷಯ ಚರ್ಚಿಸಿದಾಗ ಕೆಲವು ಬಗೆಯ ಕಸಿಗೆ ಅನುಮತಿ ಕೊಟ್ಟರೂ, ಮರಣಾನಂತರ ಅಂಗ ಕೊಡುವಂತೆ ಮಾಡುವ ವಸಿಯ್ಯತನ್ನು ಶರೀಅತ್‌ನ ವಸಿಯ್ಯತ್ ಎಂದು ಒಪ್ಪಲಿಲ್ಲ. ನಮ್ಮಲ್ಲಿ ಘಟ್ಟದ ಮೇಲಿನ ಹೆಚ್ಚಿನ ಮಹಲ್ಲಾಗಳು ಹನಫಿಗಳವು. ಅಲ್ಲಿನ ಹಿರಿಯ ಉಲಮಾಗಳು ಇಂದಿಗೂ ಹಿಂಜರಿಯುವುದಕ್ಕೆ ಈ ಹಿನ್ನೆಲೆ ಇದೆ.

ಇನ್ನೊಂದು ಕಡೆ, ಸೌದಿ ಅರೇಬಿಯಾದ ಹಿರಿಯ ಉಲಮಾಗಳ ಮಂಡಳಿ 1982ರಲ್ಲಿ, ಅಗತ್ಯ ಬಿದ್ದಾಗ ಮೃತರ ಅಂಗವನ್ನು ಅಥವಾ ಅದರ ಭಾಗವನ್ನು ಪಡೆಯಲು ಅನುಮತಿ ನೀಡಿತು. 1988ರ ಫೆಬ್ರವರಿಯಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯ ತೀರ್ಮಾನ ನಮ್ಮ ಪ್ರಶ್ನೆಗೆ ಹತ್ತಿರದ್ದು. ಪಡೆಯುವವನ ಜೀವ ಅದನ್ನು ಅವಲಂಬಿಸಿದ್ದರೆ ಮಾತ್ರವಲ್ಲ, ದೇಹದ ಒಂದು ಮೂಲಭೂತ ಕಾರ್ಯ ಅದನ್ನು ಅವಲಂಬಿಸಿದ್ದರೂ ಮೃತರಿಂದ ಪಡೆಯಬಹುದು ಎಂದು ಅವರು ಹೇಳಿದರು. ಷರತ್ತು: ಮೃತರು ಬದುಕಿದ್ದಾಗ ಒಪ್ಪಿರಬೇಕು, ಅಥವಾ ವಾರಸುದಾರರು ಒಪ್ಪಬೇಕು. ಮಾರಾಟ ಕೂಡದು.

ನಾನು ಎಡವಿದ್ದು ಇಲ್ಲಿಯೇ. ಜೀವ ಹೋಗುವಂತಿದ್ದರೆ ಮಾತ್ರ ಎಂದು ನನ್ನ ತಲೆಯಲ್ಲಿತ್ತು. ನಡೆಯುವುದು ದೇಹದ ಮೂಲಭೂತ ಕಾರ್ಯವೋ ಅಲ್ಲವೋ ಎಂದು ನನ್ನ ಮುಫ್ತಿ ಉಸ್ತಾದರಲ್ಲಿ ಕೇಳಿದಾಗ ಅವರು ನಗುತ್ತಾ, “ನೀನು ನಾಳೆ ಫಜ್ರ್‌ಗೆ ತೆವಳಿಕೊಂಡು ಬಂದು ನೋಡು” ಎಂದರು. ಬಳಿಕ ಅರ್ಫಜಾ ಬಿನ್ ಅಸ್‌ಅದ್(ರ)ರ ಹದೀಸನ್ನು ನೆನಪಿಸಿದರು. ಅಬೂದಾವೂದ್, ತಿರ್ಮಿದಿಯಲ್ಲಿರುವ ಈ ಹದೀಸನ್ನು ನಾನು ಮದ್ರಸಾದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಬೇಕಾದ ಹೊತ್ತಿಗೆ ಮಾತ್ರ ನೆನಪಾಗಲಿಲ್ಲ. ಜಾಹಿಲಿಯ್ಯಾ ಕಾಲದ ಕುಲಾಬ್ ಯುದ್ಧದಲ್ಲಿ ಅವರ ಮೂಗು ಕತ್ತರಿಸಿ ಹೋಗಿತ್ತು. ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ದುರ್ವಾಸನೆ ಹಿಡಿಯಿತು. ಆಗ ಪ್ರವಾದಿ(ಸ)ರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧ ಎಂಬುದು ಮಕ್ಕಳಿಗೂ ಗೊತ್ತು. ಮೂಗಿಲ್ಲದೆ ಯಾರೂ ಸಾಯುವುದಿಲ್ಲ ಎಂಬುದೂ ಗೊತ್ತು. ಆದರೂ ಒಬ್ಬ ಮನುಷ್ಯ ಜನರ ನಡುವೆ ಮುಖವೆತ್ತಿ ಬದುಕುವುದಕ್ಕಾಗಿ ಆ ನಿಷೇಧ ಸಡಿಲವಾಯಿತು. ಚಿನ್ನವೂ ಮನುಷ್ಯದೇಹವೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ “ಪ್ರಾಣ ಹೋಗುವುದಿಲ್ಲವಲ್ಲ” ಎಂಬ ನನ್ನ ಒಂದೇ ವಾದಕ್ಕೆ ಈ ಹದೀಸ್ ಸಾಕಾದಷ್ಟು ಉತ್ತರ ಕೊಟ್ಟಿತು.

ನಮಾಝ್ ಸಿಂಧುವೇ ಎಂಬ ಆ ಯುವಕನ ಪ್ರಶ್ನೆಗೆ ಉತ್ತರ ಕಷ್ಟದ್ದೇನಲ್ಲ. ನಮ್ಮ ಕರಾವಳಿಯವರು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಂತೆ ಮನುಷ್ಯನ ಮೃತದೇಹ ಶುದ್ಧ. ಶುದ್ಧವಾದದ್ದು ಸಿಗದೆ ನಜಸ್ ಆದ ಮೂಳೆಯಿಂದ ತನ್ನ ಮೂಳೆ ಜೋಡಿಸಿಕೊಂಡವನೂ ಕ್ಷಮ್ಯ, ಅವನ ನಮಾಝ್ ಸರಿ ಎಂದು ಇಮಾಮ್ ನವವಿ(ರ)ರ ಮಿನ್‌ಹಾಜ್‌ನಲ್ಲಿದೆ. ಅಂದರೆ ಏಳು ಶತಮಾನಗಳ ಹಿಂದೆಯೇ ಫುಕಹಾಗಳು ಮೂಳೆ ಜೋಡಣೆಯ ಬಗ್ಗೆ ಯೋಚಿಸಿದ್ದರು.

ದಾನಿ ಮುಸ್ಲಿಮೇತರರಾಗಿದ್ದರೆ ಎಂದು ಇಬ್ಬರು ಕೇಳಿದರು. ಒಬ್ಬ ಯಹೂದಿಯ ಜನಾಝಾ ಹಾದುಹೋದಾಗ ಪ್ರವಾದಿ(ಸ)ರು ಎದ್ದು ನಿಂತದ್ದು, ಸಹಾಬಿಗಳು ಪ್ರಶ್ನಿಸಿದಾಗ ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನಿಸಿದ್ದು ಬುಖಾರಿಯಲ್ಲಿದೆ. ರಕ್ತ ಪಡೆಯುವಾಗ ಬಾಟಲಿಯ ಮೇಲೆ ನಾವು ಹೆಸರು ಹುಡುಕುವುದಿಲ್ಲ. ಇಲ್ಲೂ ಹಾಗೆಯೇ.

ಇನ್ನೊಂದು ವಿಷಯವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹೃದಯ, ಯಕೃತ್ತುಗಳನ್ನು ಸಾಮಾನ್ಯವಾಗಿ ಮಿದುಳು ನಿಷ್ಕ್ರಿಯಗೊಂಡು ಹೃದಯ ಇನ್ನೂ ಬಡಿಯುತ್ತಿರುವ ದಾನಿಯಿಂದ ತೆಗೆಯುತ್ತಾರೆ. ಅದನ್ನು ಮರಣವೆಂದು ಪರಿಗಣಿಸಬಹುದೇ ಎಂಬ ಬಗ್ಗೆ ಉಲಮಾಗಳ ನಡುವೆ ದೊಡ್ಡ ಭಿನ್ನಮತವಿದೆ. ಮೆನಿಸ್ಕಸ್, ಮೂಳೆ, ಕಣ್ಣಿನ ಕಾರ್ನಿಯಾಗಳಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ಹೃದಯ ಪೂರ್ತಿ ನಿಂತು, ಮರಣ ಎಲ್ಲರ ಕಣ್ಣಿಗೂ ಖಚಿತವಾದ ಮೇಲೆ, ಕೆಲವು ಗಂಟೆಗಳ ಒಳಗೆ ಅವುಗಳನ್ನು ತೆಗೆಯಬಹುದು. ಈ ಎರಡನ್ನೂ ಬೆರೆಸಿ ಮಾತಾಡುವವರು ನಮ್ಮಲ್ಲಿ ಬಹಳ. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಪಡೆಯುವ ಮಾತು ಇಷ್ಟಾಯಿತು. ಕೊಡುವ ಮಾತು? ಖುತ್ಬಾದಲ್ಲಿ ಈ ಭಾಗಕ್ಕೆ ಬಂದಾಗ ಮಸೀದಿಯಲ್ಲಿ ಕೆಮ್ಮೂ ಕೇಳಿಸಲಿಲ್ಲ. ನಮ್ಮ ದೇಶದಲ್ಲಿ 1994ರ ಅಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಅಂಗಾಂಶಗಳನ್ನೂ ಸೇರಿಸಲಾಗಿದೆ. ದಾನವಾಗಿ ಕೊಡಬಹುದು, ಮಾರಿದರೆ ಜೈಲು ಮತ್ತು ದಂಡ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದಲೇ ಅಂಗಾಂಶ ಬ್ಯಾಂಕ್ ಇದೆ. ಕರ್ನಾಟಕದಲ್ಲಿ ಮೃತರ ಅಂಗದಾನದ ವ್ಯವಸ್ಥೆಯನ್ನು ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. ಕಾನೂನಿದೆ, ಬ್ಯಾಂಕಿದೆ, ಕೈಚಳಕವಿರುವ ವೈದ್ಯರಿದ್ದಾರೆ. ಇಲ್ಲದಿರುವುದು ಅಂಗಾಂಶ. ಮೆನಿಸ್ಕಸ್ ಕಸಿ ನಮ್ಮಲ್ಲಿ ಅಪರೂಪವಾಗಿರಲು ಇದು ಒಂದು ಮುಖ್ಯ ಕಾರಣ ಎಂದು ವೈದ್ಯರು ಹೇಳಿದರು. ಬೇರೆಯವರ ಮಯ್ಯಿತ್‌ನಿಂದ ಬಂದದ್ದು ನಮಗೆ ಜಾಇಝ್, ನಮ್ಮ ಮಯ್ಯಿತ್ ಮಾತ್ರ ಮುಟ್ಟಬಾರದು ಎಂದರೆ ಅದು ಫಿಕ್‌ಹ್ ಅಲ್ಲ, ಅನುಕೂಲ. ದಾನ ಪೂರ್ತಿ ಕೂಡದು ಎನ್ನುವ ಮುಫ್ತಿಯವರ ಮಾತನ್ನು ನಾನು ಗೌರವಿಸುತ್ತೇನೆ, ಯಾಕೆಂದರೆ ಅವರು ಎರಡೂ ಕಡೆ ಒಂದೇ ತಕ್ಕಡಿ ಇಟ್ಟಿದ್ದಾರೆ.

ನನ್ನ ನಿಲುವು ಕೇಳಿದರೆ, ಹೃದಯ ನಿಂತ ಬಳಿಕ, ಮನೆಯವರೆಲ್ಲ ಒಪ್ಪಿದ್ದರೆ, ದೇಹವನ್ನು ಗೌರವದಿಂದ ಮತ್ತೆ ಹೊಲಿದು ಕೊಡುತ್ತಾರೆ ಎಂಬ ಖಾತ್ರಿಯಿದ್ದರೆ, ದಫನ್ ವಿನಾಕಾರಣ ತಡವಾಗದಿದ್ದರೆ ಅಂಗಾಂಶ ಕೊಡುವುದಕ್ಕೆ ಅನುಮತಿಯಿದೆ ಎನ್ನುವ ಉಲಮಾಗಳ ಅಭಿಪ್ರಾಯ ನನಗೆ ಸರಿ ಕಂಡಿದೆ. ನನ್ನ ಮನೆಯಲ್ಲಿ ಈ ಮಾತು ಎತ್ತಿದಾಗ ಹೆಂಡತಿ ಒಪ್ಪಲಿಲ್ಲ. “ಗುಸ್ಲ್ ಮಾಡಿಸುವಾಗ ಹೊಲಿಗೆ ಕಂಡರೆ ನನಗೆ ತಡೆಯಲಾಗದು” ಎಂದಳು. ವಾದ ಮಾಡಲಿಲ್ಲ. ಇದು ಒಂದು ಸಂಜೆಯಲ್ಲಿ ಮುಗಿಯುವ ಮಾತಲ್ಲ. ವಾರಸುದಾರರ ಒಪ್ಪಿಗೆ ಬೇಕು ಎಂದು ಫಿಕ್‌ಹ್ ಅಕಾಡೆಮಿ ಸುಮ್ಮನೆ ಬರೆದಿಲ್ಲ.

ಶಸ್ತ್ರಚಿಕಿತ್ಸೆಗೆ ಹೋಗುವವರು ಕೇಳುವ ಕೆಲವು ಪ್ರಶ್ನೆಗಳಿವೆ. ವುಝೂಗೆ ತೊಂದರೆಯಿಲ್ಲ, ವುಝೂನಲ್ಲಿ ಕಾಲು ತೊಳೆಯುವುದು ಹರಡಿನವರೆಗೆ ಮಾತ್ರ, ಮೊಣಕಾಲು ಅದರಲ್ಲಿ ಬರುವುದಿಲ್ಲ. ಗುಸ್ಲ್ ಕಡ್ಡಾಯವಾದರೆ ಉಳಿದ ಭಾಗ ತೊಳೆದು ಬ್ಯಾಂಡೇಜಿನ ಮೇಲೆ ಒದ್ದೆ ಕೈ ಸವರಬೇಕು; ಶಾಫಿಈಗಳು ಜೊತೆಗೆ ತಯಮ್ಮುಮ್ ಮಾಡಬೇಕು. ಅರಿವಳಿಕೆಯಲ್ಲಿ ತಪ್ಪಿದ ನಮಾಝನ್ನು ಎಚ್ಚರವಾದ ಮೇಲೆ ಕಝಾ ಮಾಡಲಿ. ಊರುಗೋಲಿನ ವಾರಗಳಲ್ಲಿ ಕುರ್ಚಿಯಲ್ಲಿ ಕುಳಿತು ತಲೆ ಬಾಗಿಸಿ ಸಂಜ್ಞೆಯಿಂದ ಸುಜೂದ್ ಮಾಡಲಿ. ನಿಲ್ಲಲು ಶಕ್ತನಾದ ಶಾಫಿಈ ಕಿಯಾಮ್‌ನಲ್ಲಿ ನಿಲ್ಲಬೇಕು. ಸುಜೂದ್ ಮಾಡಲಾಗದವನಿಗೆ ಹನಫಿ ಮದ್‌ಹಬ್‌ನಲ್ಲಿ ಕುಳಿತೇ ಮಾಡುವ ಅನುಮತಿಯಿದೆ. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿ(ಸ)ರು ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಎಂದು ಕ್ರಮ ಹೇಳಿಕೊಟ್ಟಿದ್ದಾರೆ. ಕುರ್ಚಿಯಲ್ಲಿ ಕುಳಿತವನನ್ನು ಓರೆಗಣ್ಣಿನಿಂದ ನೋಡುವ ನಮ್ಮ ಕೆಲವು ಹಿರಿಯರು ಈ ಹದೀಸನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಆಟದ ಮೈದಾನದಲ್ಲಿರುವ ಮಕ್ಕಳ ತಂದೆತಾಯಿಗೆ ಒಂದು ಮಾತು. ಮೊಣಕಾಲು ತಿರುಚಿ ಊದಿಕೊಂಡರೆ, ನಡುವೆ ಸಿಕ್ಕಿಕೊಂಡಂತಾದರೆ ಎಣ್ಣೆ ತಿಕ್ಕಿ ತಿಂಗಳು ಕಳೆಯಬೇಡಿ. ಶಸ್ತ್ರಚಿಕಿತ್ಸೆ ಎಂದರೆ “ತೆಗೆಯುವ ಬದಲು ಹೊಲಿಯಲು ಆಗುತ್ತದೆಯೇ” ಎಂದು ಕೇಳಿ. ಹೊರ ಅಂಚಿನ ಹರಿತವಾದರೆ, ಅದೂ ಎಳೆ ಪ್ರಾಯದಲ್ಲಿ, ಬೇಗ ಹೋದವರಿಗೆ ಉಳಿಯುವ ಸಾಧ್ಯತೆ ಹೆಚ್ಚು. ನಮ್ಮ ಆ ಯುವಕನ ತಂದೆಗೆ ಅಂದು ಈ ಒಂದು ಪ್ರಶ್ನೆ ಗೊತ್ತಿರಲಿಲ್ಲ.

ಅವನ ಮನೆಗೆ ನಾನೇ ಹೋದೆ. ತಪ್ಪಾಯಿತು, ನಾನು ತಿಳಿಯದೆ ಹೇಳಿದ್ದೆ ಎಂದೆ. ಅವನು ಮುಜುಗರಪಟ್ಟು ಚಹಾ ತರಲು ತಾಯಿಗೆ ಕೂಗಿದ. ಮರುವಾರ ನಾವಿಬ್ಬರೂ ಬಸ್ಸಿನಲ್ಲಿ ವೈದ್ಯರ ಬಳಿ ಹೋದೆವು. ಹೊಸ ಎಂಆರ್‌ಐ ನೋಡಿ ಅವರು, ಹೊದಿಕೆ ಒಂದು ಕಡೆ ತೆಳುವಾಗಿದೆ, ಆದರೆ ಇನ್ನೂ ಇದೆ, ಪ್ರಯತ್ನಿಸಬಹುದು ಎಂದರು. ಒಂದೂವರೆ ವರ್ಷದ ಹಿಂದೆ ಅದು ಹೇಗಿತ್ತು ಎಂದು ಕೇಳಬೇಕೆನಿಸಿತು, ಕೇಳಲು ಧೈರ್ಯ ಬರಲಿಲ್ಲ. ಎಕ್ಸ್-ರೇಯ ಅಳತೆಗಳನ್ನು ಅಂಗಾಂಶ ಬ್ಯಾಂಕಿಗೆ ಕಳುಹಿಸಿದ್ದಾರೆ. ಬಲಗಾಲು, ಒಳಬದಿ, ಅವನ ಅಳತೆ. ಇದನ್ನು ಬರೆಯುವ ಹೊತ್ತಿಗೆ ಎರಡು ತಿಂಗಳಾಯಿತು, ಹೊಂದುವಂಥದ್ದು ಇನ್ನೂ ಬಂದಿಲ್ಲ.